ಕೃಷ್ಣಮೃಗದ ಮುಂದೆ ಕ್ಯಾಮೆರಾ: ಒಂದು ಕಲಿಕೆಯ ಇತಿಹಾಸ

ವನ್ಯಜೀವಿ ಛಾಯಾಗ್ರಹಣ ಎಂದ ಕೂಡಲೇ ನಮಗೆ ನೆನಪಾಗುವುದು ನಾಗರಹೊಳೆಯ ಹುಲಿ, ಬಂಡೀಪುರದ ಆನೆ, ರಂಗನತಿಟ್ಟಿನ ಕೊಕ್ಕರೆ. ಬೀದರ್ ಜಿಲ್ಲೆಯ ಹೆಸರನ್ನು ಯಾರೂ ಹೇಳುವುದಿಲ್ಲ. ಬೀದರ್ ಎಂದರೆ ಬಹಮನಿ ಕೋಟೆ, ಮಹಮೂದ್ ಗಾವಾನನ ಮದರಸಾ, ಬಿದರಿ ಕಲೆ. ಆದರೆ ಬೀದರ್ ನಗರದಿಂದ ಭಾಲ್ಕಿಯ ಕಡೆಗೋ ಔರಾದಿನ ಕಡೆಗೋ ಚಳಿಗಾಲದ ಬೆಳಗಿನಲ್ಲಿ ಹೊರಟವರಿಗೆ ರಸ್ತೆಯಿಂದ ದೂರದ ಬಯಲಿನಲ್ಲಿ ಒಂದು ಹಿಂಡು ಕಾಣಸಿಗಬಹುದು. ಮರಿ ಮತ್ತು ಹೆಣ್ಣುಗಳು ಕಂದು ಬಣ್ಣದವು. ನಡುವೆ ತಿರುಚಿದ ಕೋಡಿನ ಒಂದು ಕಪ್ಪು ಗಂಡು. ಅದೇ ಕೃಷ್ಣಮೃಗ. ಉತ್ತರ ಕರ್ನಾಟಕದ ಜನ ಇದನ್ನು ಚಿಗರಿ ಎಂದೂ ಕರೆಯುತ್ತಾರೆ.

ಡಿಜಿಟಲ್ ಕ್ಯಾಮೆರಾದ ಬಳಕೆಯನ್ನು ನಾನು ಕಲಿತದ್ದು, ಅದಕ್ಕೂ ಮುಂಚೆ ಚೆನ್ನಾಗಿ ಎಡವಿದ್ದು, ಈ ಪ್ರಾಣಿಯ ಎದುರಿನಲ್ಲಿ. ಆ ಎಡವುವಿಕೆಯ ಕಾರಣಗಳನ್ನು ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ಸುಮಾರು ನೂರೆಂಬತ್ತು ವರ್ಷಗಳ ಒಂದು ಇತಿಹಾಸ. ಅದನ್ನು ವಿದ್ಯಾರ್ಥಿ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲ ದಿನದ ಸೋಲು

2011ರ ಜನವರಿಯಲ್ಲಿ ಬಿದರಿ ಕಲೆಯನ್ನು ಕುರಿತ ಕಾರ್ಯಕ್ರಮವೊಂದರ ಚಿತ್ರೀಕರಣಕ್ಕೆ ನಮ್ಮ ತಂಡ ಬೀದರಿಗೆ ಹೋಗಿತ್ತು. ಕೆಲಸ ಮುಗಿದ ಮೇಲೆ ಒಂದು ದಿನ ಉಳಿಯಿತು. ಗೆಳೆಯನಿಂದ ಎರವಲು ತಂದ ಡಿಜಿಟಲ್ ಸ್ಟಿಲ್ ಕ್ಯಾಮೆರಾ ಮತ್ತು 300 ಮಿಲಿಮೀಟರ್ ಮಸೂರ ನನ್ನ ಚೀಲದಲ್ಲಿದ್ದವು. ದೂರದರ್ಶನದಲ್ಲಿ ಹಲವು ವರ್ಷ ಕ್ಯಾಮೆರಾಗಳ ಜೊತೆಗೇ ಕೆಲಸ ಮಾಡಿದವನು ನಾನು. ಫೋಟೋ ತೆಗೆಯುವುದೇನು ಮಹಾ ಎಂಬ ಹಮ್ಮು ಇತ್ತು.

ಔರಾದಿನ ಕಡೆ ಹೊರಟೆವು. ಸೂರ್ಯ ಆಗತಾನೇ ಮೇಲೇರುತ್ತಿದ್ದ. ಹಿಂಡು ಸಿಕ್ಕಿತು. ಸುಮಾರು 200 ಚಿತ್ರಗಳನ್ನು ತೆಗೆದೆ. ರಾತ್ರಿ ವಸತಿಗೃಹದಲ್ಲಿ ಕಂಪ್ಯೂಟರಿಗೆ ಹಾಕಿ ನೋಡಿದರೆ ನೋಡುವಂತಿದ್ದವು ನಾಲ್ಕೈದು ಮಾತ್ರ. ಓಡುವ ಚಿಗರಿಗಳೆಲ್ಲ ಬರೀ ಗೆರೆಗಳಾಗಿದ್ದವು. ನಿಂತವುಗಳ ಕಪ್ಪು ಮೈ ಬೂದಿ ಬಣ್ಣಕ್ಕೆ ತಿರುಗಿತ್ತು. ಬಿಳಿ ಹೊಟ್ಟೆ ಒಂದು ಕೂದಲೂ ಕಾಣದಂತೆ ಸುಣ್ಣದ ಪಟ್ಟಿಯಾಗಿತ್ತು. ಕ್ಯಾಮೆರಾ ಕೆಟ್ಟಿದೆ ಎಂದೇ ಭಾವಿಸಿದೆ. ಕ್ಯಾಮೆರಾ ಸರಿಯಾಗಿಯೇ ಇತ್ತು.

ತಪ್ಪು ಎಲ್ಲಿತ್ತು? ನಮ್ಮ ದೇಶದ ದೂರದರ್ಶನ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಹಾಗಾಗಿ ವಿಡಿಯೋ ಕ್ಯಾಮೆರಾದ ಷಟರನ್ನು ಸಾಮಾನ್ಯವಾಗಿ 1/50 ಸೆಕೆಂಡಿಗೆ ಇಡುತ್ತೇವೆ. ಚಲನೆಯಲ್ಲಿ ಸ್ವಲ್ಪ ಮಸುಕು ಇದ್ದರೇ ಪರದೆಯ ಮೇಲೆ ನಡಿಗೆ ಸಹಜವಾಗಿ ಕಾಣುತ್ತದೆ. ಕೈ ಅಭ್ಯಾಸದಿಂದ ಸ್ಟಿಲ್ ಕ್ಯಾಮೆರಾವನ್ನೂ ನಾನು 1/50ಕ್ಕೆ ಇಟ್ಟುಬಿಟ್ಟಿದ್ದೆ. ಇಲ್ಲಿ ಒಂದು ಸಣ್ಣ ಲೆಕ್ಕ ಮಾಡಿ. ಕೃಷ್ಣಮೃಗ ಗಂಟೆಗೆ ಸುಮಾರು 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಅಂದರೆ ಸೆಕೆಂಡಿಗೆ ಸುಮಾರು 22 ಮೀಟರ್. 1/50 ಸೆಕೆಂಡಿನಲ್ಲಿ ಅದು 44 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಷಟರ್ 1/1000 ಆಗಿದ್ದರೆ ಆ ಅಂತರ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, 1/2000 ಆಗಿದ್ದರೆ ಒಂದು ಸೆಂಟಿಮೀಟರ್ ಚಿಲ್ಲರೆ. ಪಿ.ಯು.ಸಿ. ಭೌತಶಾಸ್ತ್ರ ಓದಿದ ಯಾರಾದರೂ ಮಾಡಬಹುದಾಗಿದ್ದ ಈ ಲೆಕ್ಕವನ್ನು ವಿಜ್ಞಾನ ಪದವೀಧರನಾದ ನಾನು ಬಯಲಿನಲ್ಲಿ ನಿಂತಾಗ ಮಾಡಿರಲಿಲ್ಲ.

ನಿಶ್ಚಲವಾದದ್ದಕ್ಕೆ ಮಾತ್ರ ಚಿತ್ರ

ಈ ಷಟರಿನ ಪ್ರಶ್ನೆಯೇ ವನ್ಯಜೀವಿ ಛಾಯಾಗ್ರಹಣದ ಇತಿಹಾಸದ ಬೆನ್ನೆಲುಬು. 1839ರಲ್ಲಿ ಫ್ರಾನ್ಸಿನಲ್ಲಿ ಡಾಗೇರನ ಪದ್ಧತಿ ಪ್ರಕಟವಾದಾಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಾಗಿತ್ತು. ಬೆಳ್ಳಿಯ ಲವಣಗಳು ಬೆಳಕಿಗೆ ಕಪ್ಪಾಗುತ್ತವೆ ಎಂಬ ಗುಣವೇ ಫಿಲ್ಮ್ ಛಾಯಾಗ್ರಹಣದ ಆಧಾರ. ಬೀದರಿನವರಿಗೆ ಇದನ್ನು ವಿವರಿಸುವುದು ಸುಲಭ. ಬಿದರಿ ಕೆಲಸದಲ್ಲಿ ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿಯ ಕುಸುರಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತ ಉಳಿಯುತ್ತದೆ. ಛಾಯಾಗ್ರಹಣದಲ್ಲಿ ಇದು ತಿರುವುಮುರುವು: ಅಲ್ಲಿ ಬೆಳ್ಳಿಯೇ ಕಪ್ಪಾಗಿ ಚಿತ್ರ ಮೂಡಿಸುತ್ತದೆ.

ನಿಮಿಷಗಟ್ಟಲೆ ಅಲುಗದೆ ನಿಲ್ಲುವ ಕಾಡುಪ್ರಾಣಿ ಯಾವುದಿದೆ? 1852ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ತೆಗೆದ ನೀರಾನೆಯ ಚಿತ್ರವೊಂದು ಪ್ರಸಿದ್ಧವಾಗಿದೆ. ಅದರಲ್ಲಿ ನೀರಾನೆ ಮಲಗಿ ನಿದ್ರಿಸುತ್ತಿದೆ! ಕಾಡಿನಲ್ಲಾದರೋ, ಛಾಯಾಗ್ರಾಹಕನಿಗೆ ಸಿಗುತ್ತಿದ್ದ ನಿಶ್ಚಲ ಪ್ರಾಣಿ ಎಂದರೆ ಬೇಟೆಗೆ ಬಿದ್ದ ಪ್ರಾಣಿ.

ನಮ್ಮ ಬೀದರ್ ಸೀಮೆಗೆ ಬಂದರೆ, ಈ ಪ್ರದೇಶ 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. 1956ರ ನವೆಂಬರ್ 1ರಂದು ಅಂದಿನ ಮೈಸೂರು ರಾಜ್ಯವನ್ನು ಸೇರಿತು. ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿದ್ದವರು ರಾಜಾ ದೀನ್ ದಯಾಳ್. 1844ರಲ್ಲಿ ಮೀರತ್ ಬಳಿಯ ಸರ್ಧಾನಾದಲ್ಲಿ ಹುಟ್ಟಿ, ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೋರಿನಲ್ಲಿ ಸರ್ಕಾರಿ ನೌಕರಿ ಮಾಡಿ, ಬಳಿಕ ಛಾಯಾಗ್ರಹಣವನ್ನೇ ಬದುಕಾಗಿಸಿಕೊಂಡವರು ಅವರು. ನಿಜಾಮರ ರಾಜ್ಯದ ಸ್ಮಾರಕಗಳ ಜೊತೆಗೆ ಆಸ್ಥಾನದ ಬೇಟೆಗಳನ್ನೂ ಅವರು ದಾಖಲಿಸಿದರು. 1902ರಲ್ಲಿ ವೈಸ್‌ರಾಯ್ ಕರ್ಜನ್ ದಂಪತಿ ಹೈದರಾಬಾದ್ ರಾಜ್ಯದಲ್ಲಿ ಸತ್ತ ಹುಲಿಯೊಂದರ ಹಿಂದೆ ನಿಂತಿರುವ ಚಿತ್ರ ಅವರದೇ. ಅಂದಿನ ದೃಷ್ಟಿಯಲ್ಲಿ ಅದು ಗೌರವದ ಚಿತ್ರ. ಇಂದು ನಾವು ಅದನ್ನು ನೋಡುವ ಬಗೆ ಬೇರೆ.

ಕೃಷ್ಣಮೃಗದ ಬೇಟೆಗೆ ಮತ್ತೊಂದು ಕ್ರಮವಿತ್ತು. ಪಳಗಿಸಿದ ಚೀತಾಗಳನ್ನು ಎತ್ತಿನ ಗಾಡಿಯಲ್ಲಿ ಹಿಂಡಿನ ಸಮೀಪ ಒಯ್ದು, ಕಣ್ಣಿನ ಪಟ್ಟಿ ಬಿಚ್ಚಿ ಬಿಡುತ್ತಿದ್ದರು. ಮೊಗಲರ ಕಾಲದಿಂದ ದೇಶೀಯ ಸಂಸ್ಥಾನಗಳವರೆಗೆ ಇದು ರಾಜಮನರಂಜನೆಯಾಗಿತ್ತು. 1952ರಲ್ಲಿ ಚೀತಾ ಭಾರತದಲ್ಲಿ ನಿರ್ವಂಶವಾಯಿತೆಂದು ಘೋಷಿಸಲಾಯಿತು. 2022ರಲ್ಲಿ ಆಫ್ರಿಕಾದಿಂದ ತಂದು ಮಧ್ಯಪ್ರದೇಶದ ಕೂನೋದಲ್ಲಿ ಬಿಡಲಾಯಿತು. ಅಟ್ಟಿಸಿಕೊಂಡು ಬರುತ್ತಿದ್ದ ಚೀತಾ ಬಯಲಿನಿಂದ ಮರೆಯಾಯಿತು; ಕೃಷ್ಣಮೃಗದ ಓಟ ಮಾತ್ರ ಉಳಿಯಿತು.

ಜೀವಂತ ಪ್ರಾಣಿಯತ್ತ

ಬದಲಾವಣೆ ಬಂದದ್ದು ರಸಾಯನಶಾಸ್ತ್ರದಿಂದ. 1871ರಲ್ಲಿ ಇಂಗ್ಲೆಂಡಿನ ಮ್ಯಾಡಾಕ್ಸ್ ಎಂಬ ವೈದ್ಯ ಜೆಲಟಿನ್ ಬಳಸಿದ ಒಣ ಫಲಕದ ಪದ್ಧತಿಯನ್ನು ಪ್ರಕಟಿಸಿದ. ಅದು ಸುಧಾರಿಸಿದಂತೆ ಸೆಕೆಂಡಿನ ಭಾಗಾಂಶದಲ್ಲಿ ಚಿತ್ರ ತೆಗೆಯುವುದು ಸಾಧ್ಯವಾಯಿತು. ಇಂಗ್ಲೆಂಡಿನ ಕಿಯರ್ಟನ್ ಸಹೋದರರು 1895ರಲ್ಲಿ ಹಕ್ಕಿಗೂಡುಗಳನ್ನು ಕುರಿತು ಛಾಯಾಚಿತ್ರಗಳಿಂದಲೇ ತುಂಬಿದ ಪುಸ್ತಕ ಹೊರತಂದರು. ಹಕ್ಕಿಗಳು ಬೆದರದಿರಲೆಂದು ಅವರು ಎತ್ತಿನ ಚರ್ಮ ಹೊದಿಸಿದ ಟೊಳ್ಳು ಎತ್ತಿನೊಳಗೆ ಕ್ಯಾಮೆರಾ ಹಿಡಿದು ಕೂರುತ್ತಿದ್ದರು! 1906ರಲ್ಲಿ ಅಮೆರಿಕದ ಜಾರ್ಜ್ ಶೈರಸ್ ರಾತ್ರಿ ಹೊಳಪುಬೆಳಕಿನಲ್ಲಿ ತೆಗೆದ ಪ್ರಾಣಿಚಿತ್ರಗಳು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಬಂದವು. ಭಾರತದಲ್ಲಿ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್, ಹುಲಿಯ ಹಾದಿಗೆ ಅಡ್ಡಲಾಗಿ ತಂತಿ ಕಟ್ಟಿ, ಹುಲಿಯೇ ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡಿದರು. ಅವರ ಪುಸ್ತಕ 1927ರಲ್ಲಿ ಪ್ರಕಟವಾಯಿತು. ಬಂದೂಕಿನ ಬದಲು ಕ್ಯಾಮೆರಾ ಹಿಡಿಯಿರಿ ಎಂಬುದು ಅವರ ವಾದವಾಗಿತ್ತು.

ಕರ್ನಾಟಕಕ್ಕೆ ಈ ಪರಂಪರೆಯಲ್ಲಿ ದೊಡ್ಡ ಸ್ಥಾನವಿದೆ. ಬೆಂಗಳೂರಿನ ಓ. ಸಿ. ಎಡ್ವರ್ಡ್ಸ್, ಅವರ ಶಿಷ್ಯ ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಅವರು ಫಿಲ್ಮ್ ಯುಗದ ಹಿರಿಯರು. 2017ರಲ್ಲಿ ನಿಧನರಾದ ಪೆರುಮಾಳ್ ಅನೇಕ ಯುವಕರಿಗೆ ಗುರುವಾಗಿದ್ದರು. 1940ರ ದಶಕದಲ್ಲಿ ಬಳ್ಳಾರಿ ಸೀಮೆಯ ಸಂಡೂರು ಸಂಸ್ಥಾನದಲ್ಲಿ ನೌಕರಿ ಮಾಡಿದ ಮದರಾಸಿನ ಎಂ. ಕೃಷ್ಣನ್, ಬೇರೆಬೇರೆ ಭಾಗಗಳನ್ನು ಜೋಡಿಸಿ ಮಾಡಿಕೊಂಡ ತಮ್ಮ ಭಾರವಾದ ಕ್ಯಾಮೆರಾಕ್ಕೆ ತಮಾಷೆಯಾಗಿ 'ಸೂಪರ್ ಪಾಂಡರೋಸಾ' ಎಂದು ಹೆಸರಿಟ್ಟಿದ್ದರು. ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದ ಪೂರ್ಣಚಂದ್ರ ತೇಜಸ್ವಿ, ಮೈಸೂರಿನ ಕೃಪಾಕರ ಮತ್ತು ಸೇನಾನಿ ಅವರ ಹೆಸರು ನಿಮಗೆಲ್ಲ ಗೊತ್ತಿದೆ.

ಇವರೆಲ್ಲ ಫಿಲ್ಮಿನಲ್ಲಿ ಕಲಿತವರು. ಒಂದು ಸುರುಳಿಗೆ 36 ಚಿತ್ರ. ತೊಳೆದು ಬರುವವರೆಗೆ ಫಲಿತಾಂಶ ಗೊತ್ತಾಗದು. ನಾನು ಒಂದು ಬೆಳಿಗ್ಗೆ ಹಾಳು ಮಾಡಿದ 200 ಚಿತ್ರಗಳು ಅವರಿಗೆ ಐದಾರು ಸುರುಳಿಗಳ ಖರ್ಚು. ಆದ್ದರಿಂದಲೇ ಅವರು ಗುಂಡಿ ಒತ್ತುವ ಮೊದಲು ಲೆಕ್ಕ ಹಾಕುತ್ತಿದ್ದರು.

1975: ಎರಡು ಟಿ.ವಿ. ಪರದೆಗಳು

ದೂರದರ್ಶನದವನಾದ ನನಗೆ 1975 ವಿಶೇಷವಾದ ವರ್ಷ. ಆ ವರ್ಷದ ಆಗಸ್ಟ್ 1ರಂದು 'ಸೈಟ್' ಎಂಬ ಉಪಗ್ರಹ ಪ್ರಯೋಗ ಆರಂಭವಾಗಿ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತಲುಪಿತು. ಕರ್ನಾಟಕದಲ್ಲಿ ಅದು ಬಂದದ್ದು ಬೀದರಿನ ನೆರೆಯ ಗುಲಬರ್ಗಾ, ಜೊತೆಗೆ ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ಅದೇ ವರ್ಷದ ಡಿಸೆಂಬರಿನಲ್ಲಿ, ಅಮೆರಿಕದ ಕೊಡಾಕ್ ಕಂಪನಿಯ ಪ್ರಯೋಗಾಲಯದಲ್ಲಿ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರ್ ಸುಮಾರು 3.6 ಕಿಲೋಗ್ರಾಂ ತೂಕದ ಪೆಟ್ಟಿಗೆಯಿಂದ ಒಂದು ಚಿತ್ರ ತೆಗೆದ. ಅದರಲ್ಲಿದ್ದದ್ದು ಕೇವಲ 10,000 ಬಿಂದುಗಳು. ಚಿತ್ರ ಕ್ಯಾಸೆಟ್ಟಿನಲ್ಲಿ ದಾಖಲಾಗಲು 23 ಸೆಕೆಂಡ್ ಬೇಕಾಯಿತು. ಅದನ್ನು ನೋಡಿದ್ದು ಎಲ್ಲಿ? ಟಿ.ವಿ. ಪರದೆಯ ಮೇಲೆ. ಡಿಜಿಟಲ್ ಕ್ಯಾಮೆರಾ ಹುಟ್ಟಿದ್ದೇ ದೂರದರ್ಶನದ ನೆಂಟನಾಗಿ.

ಅದಕ್ಕೆ ಬೀಜ ಬಿದ್ದದ್ದು 1969ರಲ್ಲಿ, ಬೆಲ್ ಪ್ರಯೋಗಾಲಯದ ಬಾಯ್ಲ್ ಮತ್ತು ಸ್ಮಿತ್ ರೂಪಿಸಿದ ಸಿಸಿಡಿ ಎಂಬ ಸಿಲಿಕಾನ್ ಸಾಧನದಿಂದ. 2009ರಲ್ಲಿ ಇಬ್ಬರಿಗೂ ನೊಬೆಲ್ ಬಂತು. 1991ರಲ್ಲಿ ಕೊಡಾಕ್, ನಿಕಾನ್ ಕ್ಯಾಮೆರಾಕ್ಕೆ 13 ಲಕ್ಷ ಬಿಂದುಗಳ ಡಿಜಿಟಲ್ ಭಾಗ ಜೋಡಿಸಿ ಮಾರಿತು. 1999ರ ನಿಕಾನ್ ಡಿ1, 2003ರ ಕ್ಯಾನನ್ 300ಡಿ ಬಂದ ಮೇಲೆ ಬೆಲೆ ಇಳಿಯುತ್ತ, ಬೀದರಿನಂಥ ಊರಿನ ಹವ್ಯಾಸಿಗೂ ಇದು ದಕ್ಕುವ ವಸ್ತುವಾಯಿತು. ಹೊಸತನ್ನು ಹುಟ್ಟಿಸಿದ ಕೊಡಾಕ್ ಮಾತ್ರ ಫಿಲ್ಮನ್ನೇ ನೆಚ್ಚಿ, 2012ರಲ್ಲಿ ದಿವಾಳಿ ಅರ್ಜಿ ಹಾಕಿತು.

ಮೂರು ಕೀಲಿಗಳು

ಯಂತ್ರ ಬದಲಾದರೂ ಲೆಕ್ಕ ಬದಲಾಗಲಿಲ್ಲ. ಅಪರ್ಚರ್, ಷಟರ್, ಐಎಸ್‌ಒ ಎಂಬ ಮೂರು ಕೀಲಿಗಳನ್ನು ಹೀಗೆ ನೆನಪಿಟ್ಟುಕೊಳ್ಳಿ. ಮಳೆ ಬರುವಾಗ ಅಂಗಳದಲ್ಲಿ ಕೊಡ ಇಟ್ಟಿದ್ದೀರಿ. ಕೊಡದ ಬಾಯಿ ಎಷ್ಟು ಅಗಲ ಎಂಬುದು ಅಪರ್ಚರ್. ಎಷ್ಟು ಹೊತ್ತು ಇಟ್ಟಿರಿ ಎಂಬುದು ಷಟರ್. ಬಿದ್ದ ನೀರು ಕಡಿಮೆಯಾದಾಗ ಅದನ್ನೇ ಹೆಚ್ಚು ಎಂದು ಓದುವ ಅಳತೆಪಟ್ಟಿ ಐಎಸ್‌ಒ.

ಅಪರ್ಚರನ್ನು 2.8, 4, 5.6, 8, 11, 16 ಎಂಬ ಅಂಕಿಗಳಿಂದ ಹೇಳುತ್ತಾರೆ. ಮಸೂರದ ನಾಭಿದೂರವನ್ನು ರಂಧ್ರದ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. 300 ಮಿಲಿಮೀಟರ್ ಮಸೂರದಲ್ಲಿ 5.6 ಎಂದರೆ ರಂಧ್ರ ಸುಮಾರು 54 ಮಿಲಿಮೀಟರ್. ಅಂಕಿ ದೊಡ್ಡದಾದಂತೆ ರಂಧ್ರ ಚಿಕ್ಕದು. ಪ್ರತಿ ಮೆಟ್ಟಿಲಿಗೆ ಅಂಕಿ ಎರಡರ ವರ್ಗಮೂಲದಷ್ಟು, ಅಂದರೆ 1.4ರಷ್ಟು ಪಟ್ಟು ಏರುತ್ತದೆ; ವಿಸ್ತೀರ್ಣ ವ್ಯಾಸದ ವರ್ಗವನ್ನು ಅನುಸರಿಸುವುದರಿಂದ ಬೆಳಕು ಸರಿಯಾಗಿ ಅರ್ಧವಾಗುತ್ತದೆ. ಷಟರಿನಲ್ಲೂ ಐಎಸ್‌ಒದಲ್ಲೂ ಇದೇ ದುಪ್ಪಟ್ಟು, ಅರ್ಧದ ಆಟ.

ಈಗ ಔರಾದಿನ ಆ ಬೆಳಗಿಗೆ ಮರಳೋಣ. ನನ್ನ ಕ್ಯಾಮೆರಾ 1/50 ಸೆಕೆಂಡ್, ಅಪರ್ಚರ್ 5.6, ಐಎಸ್‌ಒ 100ರಲ್ಲಿತ್ತು. ಓಟವನ್ನು ಹಿಡಿಯಲು 1/1600 ಬೇಕೆಂದುಕೊಳ್ಳಿ. 50ರಿಂದ 100, 200, 400, 800, 1600: ಐದು ಮೆಟ್ಟಿಲು. ಬೆಳಕು 32ನೇ ಒಂದು ಭಾಗಕ್ಕೆ ಇಳಿಯಿತು. ಆ ಮಸೂರದ ರಂಧ್ರ ಇನ್ನು ಅಗಲವಾಗದು. ಉಳಿದ ದಾರಿ ಐಎಸ್‌ಒವನ್ನು 100ರಿಂದ 3200ಕ್ಕೆ ಏರಿಸುವುದು. ಚಿತ್ರದಲ್ಲಿ ಕಾಳುಕಾಳು ಕಾಣಬಹುದು. ಅದಕ್ಕೂ ಕಾರಣವಿದೆ. ಬೆಳಕು ಕಣಗಳಾಗಿ ಬೀಳುತ್ತದೆ. ಒಂದು ಬಿಂದುವಿನ ಮೇಲೆ 10,000 ಕಣ ಬಿದ್ದರೆ ಸಹಜ ಏರಿಳಿತ ಅದರ ವರ್ಗಮೂಲ, ಅಂದರೆ 100, ಶೇಕಡಾ ಒಂದು. 100 ಕಣ ಮಾತ್ರ ಬಿದ್ದರೆ ಏರಿಳಿತ 10, ಶೇಕಡಾ ಹತ್ತು. ಆ ಏರಿಳಿತವೇ ಕಾಳುಗಳು. ಆದರೂ ಕಾಳಿರುವ ಚಿಗರಿ ಗೆರೆಯಾದ ಚಿಗರಿಗಿಂತ ಮೇಲು. ಹೊತ್ತೇರಿದ ಮೇಲೆ ಚಿಂತೆಯಿಲ್ಲ. ನಿಚ್ಚಳ ಬಿಸಿಲಿನಲ್ಲಿ ಐಎಸ್‌ಒ 100, ಅಪರ್ಚರ್ 16, ಷಟರ್ 1/100 ಎಂಬುದು ಫಿಲ್ಮ್ ಕಾಲದ ಸೂತ್ರ. 5.6ಕ್ಕೆ ಬಂದರೆ ಅದು 1/800. ಐಎಸ್‌ಒ 200 ಮಾಡಿದರೆ 1/1600 ತಾನಾಗಿ ಸಿಗುತ್ತದೆ.

ಕರಿನೆಲದ ಮೇಲೆ ಕರಿಮೃಗ

ನನ್ನ ಎರಡನೆಯ ತಪ್ಪು ಬೀದರ್ ಜಿಲ್ಲೆಯ ಮಣ್ಣಿಗೇ ಸೇರಿದ್ದು. ಬೀದರ್ ನಗರ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಭಾಲ್ಕಿ, ಔರಾದಿನತ್ತ ಇಳಿದರೆ ಕಪ್ಪು ಎರೆಭೂಮಿ. ಕ್ಯಾಮೆರಾದೊಳಗಿನ ಬೆಳಕಿನ ಮಾಪಕಕ್ಕೆ ತಾನು ನೋಡುತ್ತಿರುವುದು ಏನೆಂದು ಗೊತ್ತಿಲ್ಲ. ದೃಶ್ಯದ ಸರಾಸರಿ ನಡುಬೂದು ಬಣ್ಣದ್ದು ಎಂದು ನಂಬಿಕೊಂಡು ಅದು ಬೆಳಕನ್ನು ನಿರ್ಧರಿಸುತ್ತದೆ. ಉತ್ತ ಎರೆಹೊಲದಲ್ಲಿ ಕಪ್ಪು ಗಂಡು ನಿಂತಾಗ, ಕತ್ತಲಿದೆ ಎಂದು ಭ್ರಮಿಸಿ ಅದು ಹೆಚ್ಚು ಬೆಳಕು ಬಿಟ್ಟಿತು. ಕಪ್ಪು ಬೂದಿಯಾಯಿತು, ಬಿಳಿ ಹೊಟ್ಟೆ ಸುಣ್ಣವಾಯಿತು. ಇಂಥಲ್ಲಿ ಬೆಳಕಿನ ತಿದ್ದುಪಡಿಯನ್ನು ಒಂದು ಮೆಟ್ಟಿಲು ಇಳಿಸಬೇಕು. ಒಣಹುಲ್ಲಿನ ದಿಬ್ಬದ ಮೇಲೆ, ಬೆಳ್ಳಗಿನ ಆಕಾಶದ ಎದುರು ಅದೇ ಪ್ರಾಣಿ ನಿಂತರೆ ಲೆಕ್ಕ ತಿರುಗುಮುರುಗು. ಒಂದು ಮೆಟ್ಟಿಲು ಏರಿಸಬೇಕು. ಕ್ಯಾಮೆರಾದ ಹಿಂಬದಿಯ ಹಿಸ್ಟೋಗ್ರಾಂ ಎಂಬ ನಕ್ಷೆ ಬಲಗೋಡೆಗೆ ಬಡಿದು ನಿಂತಿದ್ದರೆ ಬಿಳಿಯ ವಿವರ ಹೋಯಿತೆಂದೇ ತಿಳಿಯಿರಿ. ರಾ ಕಡತದಲ್ಲಿ ದಾಖಲಿಸುವುದು ಇನ್ನೂ ಒಳ್ಳೆಯದು. ಜೆಪೆಗ್‌ನಲ್ಲಿ ಬಣ್ಣವೊಂದಕ್ಕೆ 256 ಹಂತಗಳಿದ್ದರೆ, 14 ಬಿಟ್‌ನ ರಾ ಕಡತದಲ್ಲಿ 16,384.

ಒಂದು ದೋಷಕ್ಕೆ ಮಾತ್ರ ಯಾವ ಕೀಲಿಯೂ ಇಲ್ಲ. ಹತ್ತು ಗಂಟೆಯ ನಂತರ ಕರಿನೆಲ ಕಾದು, ಮೇಲಿನ ಗಾಳಿ ನಡುಗಲಾರಂಭಿಸುತ್ತದೆ. ದೂರದ ಚಿತ್ರ ನೀರಿನೊಳಗಿಂದ ನೋಡಿದಂತೆ ಕದಡುತ್ತದೆ. ಆಗ ಕ್ಯಾಮೆರಾ ಚೀಲಕ್ಕೆ ಹಾಕಿ ಮನೆಗೆ ಹೋಗುವುದೇ ಸರಿಯಾದ ವಿಧಾನ.

ಕಡಲೆ ಹೊಲ

ಮೂರನೆಯ ತಪ್ಪನ್ನು ಕೊನೆಗೆ ಹೇಳಬೇಕೆಂದು ಇಟ್ಟುಕೊಂಡಿದ್ದೆ. ಆ ಬೆಳಿಗ್ಗೆ ನಿಂತ ಚಿಗರಿಯ ಚಿತ್ರಗಳು ಸಾಕೆನಿಸಿ, ಓಟದ ಚಿತ್ರ ಬೇಕೆಂಬ ಆಸೆ ಹುಟ್ಟಿತು. ಚಾಲಕನಿಗೆ ಹೇಳಿ ಜೀಪನ್ನು ರಸ್ತೆಯಿಂದ ಇಳಿಸಿ ಹಿಂಡಿನತ್ತ ಓಡಿಸಿದೆ. ಹಿಂಡು ಚಿಮ್ಮಿತು, ಹೂ ಬಿಟ್ಟಿದ್ದ ಕಡಲೆ ಹೊಲವೊಂದನ್ನು ಉದ್ದಕ್ಕೂ ತುಳಿದುಕೊಂಡು ಹೋಯಿತು. ಹೊಲದ ಯಜಮಾನ ಬದುವಿನ ಮೇಲೆ ನಿಂತಿದ್ದ. ವಯಸ್ಸಾದವನು. ಬೈಯಲಿಲ್ಲ.

"ಫೋಟೋ ತೆಗೀಲಿಕ್ಕ ಬಂದೀರಿ, ಛಲೋ ಆಯ್ತು. ಇವು ರಾತ್ರಿ ಬಂದು ತಿಂತಾವ, ಅದು ಅವುಗಳ ಪಾಲು ಅಂತೀವಿ. ಹಗಲು ನೀವ್ಯಾಕ ಓಡಿಸ್ತೀರಿ?" ಎಂದ.

ನನ್ನಲ್ಲಿ ಉತ್ತರವಿರಲಿಲ್ಲ. ನಷ್ಟ ತುಂಬಿಕೊಡುತ್ತೇನೆಂದರೆ ಆತ ಹಣ ಮುಟ್ಟಲಿಲ್ಲ. ರಾತ್ರಿ ಚಿತ್ರಗಳೆಲ್ಲ ಗೆರೆಯಾಗಿದ್ದುದನ್ನು ಕಂಡಾಗ, ಆ ಓಟದ ಚಿತ್ರ ಸರಿಯಾಗಿ ಬಂದಿದ್ದರೂ ಯಾರಿಗೆ ತೋರಿಸುತ್ತಿದ್ದೆ ಎಂಬ ಪ್ರಶ್ನೆ ಎದ್ದಿತು. ಅಂದಿನ ರಾಜರು ಚೀತಾ ಬಿಟ್ಟು ಓಡಿಸುತ್ತಿದ್ದರು. ನಾನು ಜೀಪು ಬಿಟ್ಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿರುವ, ಅತ್ಯುನ್ನತ ರಕ್ಷಣೆಗೆ ಅರ್ಹವಾದ ಪ್ರಾಣಿ ಕೃಷ್ಣಮೃಗ. ಕಾಯ್ದೆ ಗೊತ್ತಿಲ್ಲದ ಆ ರೈತ ಅದನ್ನು ಪಾಲಿಸುತ್ತಿದ್ದ; ಗೊತ್ತಿದ್ದ ನಾನು ಮರೆತಿದ್ದೆ. ಕಾಗದದ ಮೇಲೆ ಬಂಜರು ಎಂದು ಬರೆಸಿಕೊಂಡ ಹುಲ್ಲುಗಾವಲುಗಳು ಒಂದೊಂದಾಗಿ ಉಳುಮೆಗೂ ಕಟ್ಟಡಗಳಿಗೂ ಹೋಗುವಾಗ, ಇಂಥ ರೈತರ ತಾಳ್ಮೆಯ ಮೇಲೆಯೇ ಈ ಪ್ರಾಣಿಯ ಬದುಕು ನಿಂತಿದೆ.

ಮರುವರ್ಷ ಅದೇ ಬಯಲಿಗೆ ಹೋದೆ. ನಸುಕಿಗೆ ಮುಂಚೆ ಹೋಗಿ, ಗಾಳಿಗೆ ಎದುರಾಗಿ, ಜಾಲಿಯ ಪೊದೆಯ ಹಿಂದೆ ಎರಡು ಗಂಟೆ ಕುಳಿತೆ. ಹಿಂಡು ತಾನಾಗಿ ಮೇಯುತ್ತ ಹತ್ತಿರ ಬಂತು. ಗಂಡುಗಳೆರಡು ತಾವಾಗಿಯೇ ಒಂದನ್ನೊಂದು ಅಟ್ಟಿ ಓಡಿದವು. ಷಟರ್ 1/1600, ತಿದ್ದುಪಡಿ ಒಂದು ಮೆಟ್ಟಿಲು ಕೆಳಗೆ. ಹನ್ನೊಂದು ಚಿತ್ರ ತೆಗೆದೆ. ಎರಡು ಚೆನ್ನಾಗಿ ಬಂದವು. ಒಂದರ ಪ್ರತಿಯನ್ನು ಆ ರೈತನಿಗೆ ತಲುಪಿಸಿದೆ. ಆತ ಬಹಳ ಹೊತ್ತು ನೋಡಿ, "ಕಣ್ಣಿನ ಸುತ್ತ ಬಿಳೀ ಉಂಗುರ ಐತಿ ಅಂತ ನನಗ ಗೊತ್ತೇ ಇರಲಿಲ್ಲ" ಎಂದ.

ಕ್ಯಾಮೆರಾ ಹಿಡಿಯಬೇಕೆಂಬ ವಿದ್ಯಾರ್ಥಿಗಳಿಗೆ ಒಂದು ಸಲಹೆ. ಮೊದಲ ದಿನವೇ ಚಿಗರಿಯ ಹಿಂದೆ ಹೋಗಬೇಡಿ. ಮನೆಯ ಕಪ್ಪು ಎಮ್ಮೆಯನ್ನೂ ಬಿಳಿ ಆಕಳನ್ನೂ ಒಂದೇ ಬಿಸಿಲಿನಲ್ಲಿ ತೆಗೆಯಿರಿ. ತಿದ್ದುಪಡಿ ಎಷ್ಟು ಬೇಕೆಂದು ಬರೆದಿಟ್ಟುಕೊಳ್ಳಿ. ಓಡುವ ಕರುವನ್ನು 1/50ರಿಂದ 1/2000ದವರೆಗೆ ಒಂದೊಂದೇ ಮೆಟ್ಟಿಲಲ್ಲಿ ತೆಗೆದು ಹೋಲಿಸಿ. ಭಾಲ್ಕಿಯವರು ಕಾರಂಜಾ ಜಲಾಶಯದ ದಂಡೆಗೆ ಹೋಗಿ ಹಾರುವ ಬೆಳ್ಳಕ್ಕಿಯ ಮೇಲೆ ಕೈ ಪಳಗಿಸಿಕೊಳ್ಳಿ. ಗೂಡಿನ ಹತ್ತಿರ ಮಾತ್ರ ಹೋಗಬೇಡಿ. ಹುಲ್ಲಿನಲ್ಲಿ ಅಡಗಿ ಮಲಗಿದ ಚಿಗರಿ ಮರಿ ಕಂಡರೆ ಮುಟ್ಟದೆ ಬಂದ ದಾರಿಯಲ್ಲೇ ಹಿಂತಿರುಗಿ. ತಾಯಿ ದೂರದಿಂದ ನೋಡುತ್ತಿರುತ್ತದೆ.